ಕರಿಯರ್ ಟೆಸ್ಟ್‌ನಲ್ಲಿ ‘ಇಷ್ಟವಿಲ್ಲ’ ಅಂದರೆ ಏನರ್ಥ?

ಕರಿಯರ್ ಟೆಸ್ಟ್‌ನ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರೂ ನೇರವಾಗಿ ಉದ್ಯೋಗಗಳ ಪಟ್ಟಿಗೆ ಹೋಗುತ್ತಾರೆ. ವಿದ್ಯಾರ್ಥಿಗಳಿಗೆ ಕೌನ್ಸೆಲಿಂಗ್ ಮಾಡುವುದು ನನ್ನ ಕೆಲಸ. ನಾನು ಮಾತ್ರ ಆ ಪಟ್ಟಿಯನ್ನು ಪಕ್ಕಕ್ಕಿಟ್ಟು, ಒಂದೊಂದು ಕೆಲಸಕ್ಕೂ ‘ಇಷ್ಟ’, ‘ಇಷ್ಟವಿಲ್ಲ’ ಅಂತ ಅವರೇ ಗುರುತು ಹಾಕಿದ ಉತ್ತರಗಳನ್ನು ಅವರ ಜೊತೆ ಕೂತು ಓದುತ್ತೇನೆ.

ನಾವು ಜಾಸ್ತಿ ಬಳಸುವ ಆಸಕ್ತಿ ಪರೀಕ್ಷೆಗಳಿಗೆ ಬುನಾದಿ, ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ಸಿದ್ಧಾಂತ. ಕೈಯಾರೆ ಮಾಡುವುದು, ಹುಡುಕಿ ತಿಳಿಯುವುದು, ಕಲೆ, ಜನರಿಗೆ ನೆರವಾಗುವುದು, ಮುಂದೆ ನಿಂತು ನಡೆಸುವುದು, ಲೆಕ್ಕಪತ್ರ ಅಚ್ಚುಕಟ್ಟಾಗಿ ಇಡುವುದು, ಹೀಗೆ ಆಸಕ್ತಿಯಲ್ಲಿ 6 ಬಗೆ. ಹೆಚ್ಚು ಅಂಕ ಬಂದ 3 ಬಗೆ ಸೇರಿ ಒಂದು ಕೋಡ್, ಆ ಕೋಡ್‌ಗೆ ಹೊಂದುವ ಉದ್ಯೋಗಗಳು. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಒಬ್ಬರು ‘ಇಷ್ಟವಿಲ್ಲ’ ಅಂತ ಯಾಕೆ ಬರೆದರು ಅನ್ನುವುದು ಟೆಸ್ಟ್‌ಗೆ ತಿಳಿಯುವುದಿಲ್ಲ.

ಒಬ್ಬ ಹುಡುಗಿ ಯಂತ್ರಕ್ಕೆ ಸಂಬಂಧಿಸಿದ ಎಲ್ಲ ಪ್ರಶ್ನೆಗಳಿಗೂ ‘ಇಷ್ಟವಿಲ್ಲ’ ಅಂತ ಹಾಕಿದ್ದಳು. ‘ಯಾವುದಾದರೂ ಯಂತ್ರ ಬಿಚ್ಚಿ ನೋಡಿದ್ದೀಯಾ?’ ಅಂತ ಕೇಳಿದೆ. ‘ಇಲ್ಲ, ಮನೇಲಿ ಅದೆಲ್ಲ ಅಣ್ಣ ಮಾಡ್ತಾನೆ’ ಅಂದಳು. ಅಂದರೆ ಅವಳಿಗೆ ಅದು ಬೇಡವಾಗಿರಲಿಲ್ಲ, ಕೈಗೇ ಸಿಕ್ಕಿರಲಿಲ್ಲ. ರಿಪೇರಿ ಮಾಡುವವರೊಬ್ಬರ ಜೊತೆ ಸ್ವಲ್ಪ ದಿನ ಕೂರುವಂತೆ ಹೇಳಿದೆ. ತಿರುಗಿ ಬಂದು, ‘ಎಲ್ಲಿ ಕೆಟ್ಟಿದೆ ಅಂತ ಹುಡುಕೋದು ಚೆನ್ನಾಗಿತ್ತು, ಜೋಡಿಸೋದು ಬೇಜಾರು’ ಅಂದಳು. ಎಷ್ಟು ಸ್ಪಷ್ಟ ಉತ್ತರ, ಅಲ್ವಾ? ಯಂತ್ರ ಇರಲಿ, ಬೇರೆ ಏನೇ ಇರಲಿ, ದೋಷದ ಮೂಲ ಹುಡುಕುವ ಕೆಲಸಗಳ ಬಗ್ಗೆ ಅವತ್ತು ನಾವು ತುಂಬ ಹೊತ್ತು ಮಾತಾಡಿದೆವು. ರೋಗ ಪತ್ತೆ ಮಾಡುವ ಲ್ಯಾಬ್, ಸಾಫ್ಟ್‌ವೇರ್ ಟೆಸ್ಟಿಂಗ್, ಆಡಿಟ್ ಎಲ್ಲ ಬಂತು. ಇವು ಕೋಡ್‌ನಲ್ಲಿ ಬೇರೆ ಬೇರೆ ಕಡೆ ಬೀಳುವ ಕೆಲಸಗಳು. ಅವಳ ರಿಪೋರ್ಟ್ ಒಂದೇ ಇದ್ದಿದ್ದರೆ ಈ ಮಾತೇ ಹುಟ್ಟುತ್ತಿರಲಿಲ್ಲ.

ಆರೂ ಬಗೆಗಳಲ್ಲಿ ಅಂಕ ಹತ್ತಿರ ಹತ್ತಿರ ಬಂದಾಗಲೂ ಹೀಗೆ ಕೂತು ಕೇಳಿ ತಿಳಿಯುವುದೇ ದಾರಿ. ಒಂದೆರಡು ಅಂಕದ ವ್ಯತ್ಯಾಸ ನೋಡಿ ‘ನೀನು ಇಂಥವನು’ ಅಂತ ಹೇಳುವುದು ತಪ್ಪು.

ಇನ್ನೊಂದು ಮಾತು. ಆಸಕ್ತಿ ಬೇರೆ, ಸಾಮರ್ಥ್ಯ ಬೇರೆ. ಆಸಕ್ತಿ ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂದರೆ ಆ ಕೆಲಸ ಚೆನ್ನಾಗಿ ಬರುತ್ತದೆ ಅಂತಲ್ಲ. ಸಾಮರ್ಥ್ಯ ನೋಡುವ ಟೆಸ್ಟ್‌ಗಳೇ ಬೇರೆ ಇವೆ, ಶಾಲೆಯ ಅಂಕಗಳೂ ಸ್ವಲ್ಪ ಹೇಳುತ್ತವೆ. ಪೋಷಕರಿಗೆ ಇದನ್ನು ಎಷ್ಟು ಸಲ ಹೇಳಿದರೂ ಬೇಸರವಿಲ್ಲ ನನಗೆ.

ಪೋಷಕರನ್ನು ನಾನು ಕರೆಯುವುದು ಆಮೇಲೆ. ಮೊದಲು ವಿದ್ಯಾರ್ಥಿಯ ಜೊತೆ ಮಾತ್ರ ಕೂರುತ್ತೇನೆ. ಅಪ್ಪ ಪಕ್ಕದಲ್ಲಿದ್ದರೆ ಎಷ್ಟೋ ಮಕ್ಕಳು ಅವರ ಮುಖ ನೋಡಿ ಉತ್ತರ ಕೊಡುತ್ತಾರೆ. ಆಮೇಲೆ ಎಲ್ಲರೂ ಸೇರಿ ಖರ್ಚೆಷ್ಟು, ಎಷ್ಟು ವರ್ಷ ಓದಬೇಕು, ಸೀಟು ಸಿಗದಿದ್ದರೆ ಮುಂದೇನು ಅಂತ ನೋಡುತ್ತೇವೆ. ಹೊರಡುವ ಮುಂಚೆ ವಿದ್ಯಾರ್ಥಿ ಇಷ್ಟಪಟ್ಟ ಕೆಲಸ ಮಾಡುತ್ತಿರುವ ಒಬ್ಬರ ಹತ್ತಿರ ಮಾತಾಡಲು ದಿನ ಗೊತ್ತುಮಾಡುತ್ತೇವೆ. ಕೇಳಬೇಕಾದ ಪ್ರಶ್ನೆಗಳನ್ನು ವಿದ್ಯಾರ್ಥಿಯೇ ಅಲ್ಲೇ ಕೂತು ಬರೆದುಕೊಳ್ಳಬೇಕು.