ಉಲುರು: ಹತ್ತದೆ, ಸುತ್ತಿ ನೋಡಿದ ಬಂಡೆ

ಆಸ್ಟ್ರೇಲಿಯಾದ ನಡುಭಾಗದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಉಲುರು ಎಂಬ ಹೆಬ್ಬಂಡೆಗೆ ಸುಮಾರು 450 ಕಿಲೋಮೀಟರ್. ದಾರಿಯುದ್ದಕ್ಕೂ ಕೆಂಪು ಮಣ್ಣು, ಡೆಸರ್ಟ್ ಓಕ್ ಮರಗಳು. ನಡುವೆ ಮೌಂಟ್ ಕಾನರ್ ಕಂಡಾಗ ಮೊದಲ ಸಲ ಹೋಗುವವರೆಲ್ಲ ಅದೇ ಉಲುರು ಅಂದುಕೊಳ್ಳುತ್ತಾರೆ. ಅದರ ತಲೆ ಚಪ್ಪಟೆ. ನಿಜವಾದ ಉಲುರು ಕಂಡ ಮೇಲೆ ಅನುಮಾನವೇ ಉಳಿಯುವುದಿಲ್ಲ.

ಈ ನೆಲ ಇಲ್ಲಿಯ ಮೂಲನಿವಾಸಿಗಳಾದ ಅನಾಂಗು ಜನರದ್ದು. 1873ರಲ್ಲಿ ಬಂದ ಬಿಳಿಯ ಸರ್ವೇಯರ್ ವಿಲಿಯಂ ಗಾಸ್ ಬಂಡೆಗೆ ಒಬ್ಬ ರಾಜಕಾರಣಿಯ ಹೆಸರಿಟ್ಟು ಏಯರ್ಸ್ ರಾಕ್ ಅಂದ. ಸಾವಿರಾರು ವರ್ಷಗಳಿಂದ ಇಲ್ಲಿದ್ದವರನ್ನು ಯಾರೂ ಕೇಳಲಿಲ್ಲ.

ನಾವು ಬೆಳಗ್ಗೆ ಬೇಗನೆ ಮಾಲಾ ಪಾರ್ಕಿಂಗ್‌ನಿಂದ ನಡೆಯಲು ಶುರು ಮಾಡಿದೆವು. ಬಿಸಿಲು ಜಾಸ್ತಿಯಾದರೆ ದಾರಿಯ ಕೆಲವು ಭಾಗ ಮುಚ್ಚಿಬಿಡುತ್ತಾರೆ. ಮೊದಲು ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಗಾಯ. ಕೆಳಗಿನಿಂದ ಮೇಲಕ್ಕೆ ಒಂದು ಬಿಳಿಚಿದ ಗೆರೆ. ಉಲುರುವಿನ ಕೆಂಪು ಬಣ್ಣ ಮೇಲ್ಪದರದ ತುಕ್ಕು, ಒಳಗಿನ ಕಲ್ಲು ಬೂದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ರವಾಸಿಗರ ಬೂಟು ಉಜ್ಜಿ ಉಜ್ಜಿ ಆ ಕೆಂಪು ಸವೆದುಹೋಗಿದೆ. ಹಿಡಿದು ಹತ್ತಲು ಹಾಕಿದ್ದ ಸರಪಳಿ ಈಗಿಲ್ಲ. ಗೆರೆ ಇನ್ನೂ ಇದೆ.

ಆ ದಾರಿ ಮಾಲಾ (ಕಾಂಗರೂ ಜಾತಿಯ ಪುಟ್ಟ ಪ್ರಾಣಿ) ರೂಪದ ಪೂರ್ವಜರು ಹತ್ತಿದ ದಾರಿ ಅನ್ನುವುದು ಅನಾಂಗುಗಳ ನಂಬಿಕೆ. ಹತ್ತಬೇಡಿ ಅಂತ ಅವರು ಎಷ್ಟೋ ವರ್ಷ ಬೋರ್ಡ್ ಹಾಕಿ ಕೇಳಿಕೊಂಡರು. ಆದರೂ ಜನ ಹತ್ತಿದರು. ಕನಿಷ್ಠ 37 ಮಂದಿ ಸತ್ತರು. ಆ ಸಾವುಗಳಿಗೂ ಅನಾಂಗುಗಳೇ ಸಂಕಟಪಟ್ಟರು, ತಮ್ಮ ನೆಲಕ್ಕೆ ಬಂದವರ ಹೊಣೆ ತಮ್ಮದು ಅಂತ. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತುವುದೇ ಭಕ್ತಿ, ಇಲ್ಲಿ ಹತ್ತದಿರುವುದೇ ಭಕ್ತಿ.

1985ರ ಅಕ್ಟೋಬರ್ 26ರಂದು ಸರ್ಕಾರ ಉಲುರುವಿನ ಒಡೆತನವನ್ನು ಅನಾಂಗುಗಳಿಗೆ ವಾಪಸ್ ಕೊಟ್ಟಿತು. ಅವತ್ತೇ ಅವರು 99 ವರ್ಷಕ್ಕೆ ಅದನ್ನು ರಾಷ್ಟ್ರೀಯ ಉದ್ಯಾನಕ್ಕೆ ಗುತ್ತಿಗೆ ಕೊಡಬೇಕಾಯಿತು. ಇದು ಅರೆಮನಸ್ಸಿನ ಕೊಡುವಿಕೆ ಅಂತ ನನಗೆ ಅನ್ನಿಸುತ್ತದೆ. ಆದರೆ ಆಡಳಿತ ಮಂಡಳಿಯಲ್ಲಿ ಬಹುಮತ ಅವರದ್ದು. ಆ ಮಂಡಳಿಯ ತೀರ್ಮಾನದಂತೆ 2019ರ ಅಕ್ಟೋಬರ್ 26ರಂದು, ಅದೇ ತಾರೀಖಿನಂದು, ಹತ್ತುವುದು ಶಾಶ್ವತವಾಗಿ ನಿಂತಿತು.

ಸುತ್ತು ದಾರಿ 10.6 ಕಿಲೋಮೀಟರ್. ಕೆಲವು ಕಡೆ ಫೋಟೋ ತೆಗೆಯಬಾರದು. ಅಲ್ಲೆಲ್ಲ ಫೋನ್ ಜೇಬಿಗೆ ಹಾಕಿ ಸುಮ್ನೆ ನೋಡುತ್ತಾ ನಡೆದೆವು. ಇಲ್ಲಿಯ ಪ್ರತಿ ಬಿರುಕಿಗೂ ಒಂದು ಕಥೆಯಿದೆ. ಮುಟಿಜುಲು ನೀರಿನ ಹೊಂಡದ ಬಳಿ ಕುನಿಯಾ ಎಂಬ ಹೆಬ್ಬಾವಿನ ಹೆಂಗಸು, ತನ್ನ ಸೋದರಳಿಯನನ್ನು ಕೊಂದ ಲೀರು ಎಂಬ ವಿಷಸರ್ಪದ ಯೋಧನ ಮೇಲೆ ತಿರುಗಿಬಿದ್ದಳಂತೆ. ಅವಳು ಕೊಟ್ಟ ಏಟುಗಳು ಬಂಡೆಯಲ್ಲಿ ಆಳವಾದ ಸೀಳುಗಳಾಗಿ ಇವತ್ತೂ ಕಾಣುತ್ತವೆ.

ಅದೇ ಹೊಂಡದ ಪಕ್ಕದ ಗುಹೆಯಲ್ಲಿ ಇನ್ನೊಂದು ಕಥೆಯಿದೆ. ಅದು ಪುರಾಣ ಅಲ್ಲ. 1934ರಲ್ಲಿ ಬಿಲ್ ಮೆಕಿನ್ನನ್ ಎಂಬ ಪೊಲೀಸ್, ಪೊಲೀಸರ ವಶದಿಂದ ತಪ್ಪಿಸಿಕೊಂಡು ಬಂದು ಇಲ್ಲಿ ಅಡಗಿದ್ದ ಯೊಕುನುನ್ನ ಎಂಬ ಅನಾಂಗು ಯುವಕನನ್ನು ಗುಂಡಿಟ್ಟು ಕೊಂದ. ಮರುವರ್ಷ ವಿಚಾರಣೆಗೆಂದು ಅವನ ಮೂಳೆಗಳನ್ನು ಅಗೆದು ಅಡಿಲೇಡ್‌ಗೆ ಒಯ್ದರು. ಪೊಲೀಸನಿಗೆ ಏನೂ ಆಗಲಿಲ್ಲ. ಯೊಕುನುನ್ನನ ತಲೆಬುರುಡೆ ಮಾತ್ರ ಮ್ಯೂಸಿಯಂನಲ್ಲೇ ಉಳಿಯಿತು. 2022ರಲ್ಲಿ ಅದನ್ನು ವಾಪಸ್ ತಂದು ಉಲುರುವಿನಲ್ಲಿ ಮಣ್ಣು ಮಾಡಿದರು. 88 ವರ್ಷ ಬೇಕಾಯಿತು, ಒಬ್ಬ ಮನುಷ್ಯನನ್ನು ಮನೆಗೆ ತರಲು! ಗುಹೆಯ ಮುಂದೆ ನಿಂತಾಗ ನನಗೆ ಸಿಟ್ಟೇ ಬಂತು.

ಕಲ್ಚರಲ್ ಸೆಂಟರ್‌ನಲ್ಲಿ ಒಂದು ‘ಸಾರಿ ಬುಕ್’ ಇದೆ. ನೆನಪಿಗೆಂದು ಇಲ್ಲಿಂದ ಕಲ್ಲು, ಮಣ್ಣು ಎತ್ತಿಕೊಂಡು ಹೋದವರು ಅವನ್ನು ಪೋಸ್ಟ್‌ನಲ್ಲಿ ವಾಪಸ್ ಕಳಿಸುತ್ತಾರೆ, ಜೊತೆಗೊಂದು ಕ್ಷಮೆಯ ಪತ್ರ. ಯಾರೂ ಅವರನ್ನು ಕೇಳಿರಲಿಲ್ಲ, ಅಲ್ವಾ? ಆದರೂ ಕಳಿಸುತ್ತಾರೆ. ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರಗಳು ಮನೆಯವರಿಂದ ಕಿತ್ತುಕೊಂಡಿದ್ದಕ್ಕೆ ಪಾರ್ಲಿಮೆಂಟಿನಲ್ಲಿ 2008ರಲ್ಲಿ ಆಗಿನ ಪ್ರಧಾನಿ ಕೆವಿನ್ ರಡ್ ಕೇಳಿದ ಕ್ಷಮೆ ದೊಡ್ಡದೇ. ನನ್ನ ಮಟ್ಟಿಗೆ, ತೆಗೆದುಕೊಂಡಿದ್ದನ್ನು ಹಿಂದಕ್ಕೆ ಕೊಟ್ಟಾಗಲೇ ಆ ಮಾತಿಗೆ ತೂಕ ಬರುವುದು.

ಇನ್ನೂ ಕೊಡದೇ ಇರುವುದು ಬಹಳ ಇದೆ. 2017ರಲ್ಲಿ ದೇಶದ ಮೂಲನಿವಾಸಿ ಪ್ರತಿನಿಧಿಗಳು ಇಲ್ಲೇ ಸೇರಿ, ಸಂವಿಧಾನದಲ್ಲಿ ತಮ್ಮದೊಂದು ದನಿ ಇರಲಿ ಅಂತ ಕೇಳಿದ್ದರು. 2023ರ ಜನಮತದಲ್ಲಿ ಸುಮಾರು 60 ಶೇಕಡಾ ಮಂದಿ ಬೇಡ ಅಂದರು. ಹೋಗುವವರು ಸೂರ್ಯಾಸ್ತದ ಫೋಟೋ ತೆಗೆದು ಬಸ್ ಹತ್ತಬೇಡಿ. ಮೊದಲು ಕಲ್ಚರಲ್ ಸೆಂಟರ್‌ಗೆ ಹೋಗಿ, ಅವರ ಮಾತು ಕೇಳಿ, ಆಮೇಲೆ ಬಂಡೆಯ ಹತ್ತಿರ ಹೋಗಿ.