ಮಳೆಗಾಲದಲ್ಲಿ ಕೋಳಿಮರಿಗಳಿಗೆ ರಕ್ತಭೇದಿ: ಯಾವ ಔಷಧಿ ಕೊಡಬೇಕು?

ಜೂನ್ ತಿಂಗಳ ಮಳೆ ಹಿಡಿದ ಮೇಲೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳ ಕಡೆಯ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಮರಿಗಳು ಮೂರು ವಾರ ಚೆನ್ನಾಗಿಯೇ ಇದ್ದವು. ಈಗ ಒಂದೊಂದಾಗಿ ಮುದುಡಿ ಕೂತು, ಹಿಕ್ಕೆಯಲ್ಲಿ ರಕ್ತ ಹಾಕಿ ಸಾಯುತ್ತಿವೆ. ಯಾವ ಔಷಧಿ ಕೊಡಬೇಕು?” ಕೇಳುವವರ ಮನೆಯಲ್ಲಿ ಅಂದೇ ಮರಿಗಳು ಸಾಯುತ್ತಿರುತ್ತವೆಯಾದ್ದರಿಂದ ಔಷಧಿಯ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ. ಕುಡಿಯುವ ನೀರಿನಲ್ಲಿ ಬೆರೆಸಿ ಕೊಡುವ ಆಂಪ್ರೋಲಿಯಂ, ಇಲ್ಲವೇ ಟೋಲ್ಟ್ರಾಜುರಿಲ್. ಆದರೆ ಗೂಡಿನ ನೆಲ ಒದ್ದೆಯಾಗಿಯೇ ಉಳಿದರೆ ಮುಂದಿನ ತಂಡದ ಮರಿಗಳನ್ನು ಇವೆರಡರಲ್ಲಿ ಯಾವುದೂ ಉಳಿಸಿಕೊಡುವುದಿಲ್ಲ ಎಂಬುದನ್ನೂ ಅದರ ಜೊತೆಯಲ್ಲೇ ಹೇಳಬೇಕಾಗುತ್ತದೆ.

ಈ ರೋಗಕ್ಕೆ ಕಾಕ್ಸಿಡಿಯೋಸಿಸ್ ಎಂದು ಹೆಸರು. ಐಮೀರಿಯಾ ಎಂಬ ಏಕಕೋಶ ಪರಾವಲಂಬಿ ಮರಿಯ ಕರುಳಿನ ಒಳಪದರವನ್ನು ಹೊಕ್ಕು, ಅಲ್ಲಿ ಹೆಚ್ಚಿಕೊಂಡು, ಜೀವಕೋಶಗಳನ್ನು ಒಡೆದುಕೊಂಡು ಹೊರಬರುತ್ತದೆ. ಕೊನೆಗೆ ಅದು ಊಸಿಸ್ಟ್ ಎಂಬ ಗಟ್ಟಿ ಕವಚದ ಸೂಕ್ಷ್ಮ ಕಣವಾಗಿ ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತದೆ. ಬಿದ್ದ ತಕ್ಷಣ ಅದಕ್ಕೆ ರೋಗ ಹರಡುವ ಶಕ್ತಿ ಇರುವುದಿಲ್ಲ. ತೇವ, ಬೆಚ್ಚನೆಯ ವಾತಾವರಣ ಮತ್ತು ಗಾಳಿ ಮೂರೂ ಸಿಕ್ಕಿದರೆ ಒಂದೆರಡು ದಿನಗಳಲ್ಲಿ ಅದು ಪಕ್ವವಾಗುತ್ತದೆ. ಆಷಾಢದ ಮಳೆಯಲ್ಲಿ ಸುತ್ತ ಟಾರ್ಪಾಲು ಕಟ್ಟಿ, ಒಳಗೆ ಬಲ್ಬು ಉರಿಸಿ, ನೀರು ಚೆಲ್ಲಿದ ಹೊಟ್ಟಿನ ಮೇಲೆ ಮರಿಗಳನ್ನು ಬಿಟ್ಟಾಗ ನಾವೇ ಈ ಮೂರನ್ನೂ ಒದಗಿಸಿಕೊಟ್ಟಂತಾಗುತ್ತದೆ. ಮರಿ ಕೆದಕಿ ತಿಂದ ಪಕ್ವ ಕಣಗಳಿಂದ ಸುಮಾರು ಒಂದು ವಾರದೊಳಗೆ ಸಾವಿರಾರು ಹೊಸ ಕಣಗಳು ಹೊರಬೀಳುತ್ತವೆ. ಹೀಗೆ ಎರಡು ಮೂರು ಸುತ್ತು ಮುಗಿಯುವ ಹೊತ್ತಿಗೆ ಮರಿಗಳಿಗೆ ಮೂರರಿಂದ ಆರು ವಾರ ತುಂಬಿರುತ್ತದೆ. ರೋಗ ಕಾಣಿಸುವುದೂ ಹೆಚ್ಚಾಗಿ ಆ ವಯಸ್ಸಿನಲ್ಲೇ.

ಔಷಧಿಗೆ ಓಡುವ ಮುನ್ನ ಹಿಕ್ಕೆಯನ್ನು ಸರಿಯಾಗಿ ನೋಡಬೇಕು. ಆರೋಗ್ಯವಂತ ಕೋಳಿ ದಿನಕ್ಕೆ ಕೆಲವು ಬಾರಿ ಕಾಫಿ ಬಣ್ಣದ, ಜಿಗುಟಾದ, ಕೆಟ್ಟ ವಾಸನೆಯ ಹಿಕ್ಕೆ ಹಾಕುವುದು ಸಹಜ. ಅದನ್ನು ಕಂಡು ಹೆದರಬೇಕಾಗಿಲ್ಲ. ರೋಗದಲ್ಲಿ ಕಾಣುವುದು ನಿಜವಾದ ರಕ್ತ, ಅದರೊಡನೆ ಇಳಿಬಿದ್ದ ರೆಕ್ಕೆ, ಕೆದರಿದ ಗರಿ, ಬಿಳಿಚಿದ ಮುಖ. ಸತ್ತ ಮರಿಯನ್ನು ಪಶುವೈದ್ಯರು ಕೊಯ್ದು ನೋಡಿದಾಗ, ಕರುಳಿನ ಕೊನೆಯ ಭಾಗದಲ್ಲಿರುವ ಎರಡು ಕುರುಡು ಚೀಲಗಳು ಊದಿಕೊಂಡು ಒಳಗೆಲ್ಲ ಕಪ್ಪುಗೆಂಪು ರಕ್ತ ತುಂಬಿದ್ದರೆ ಅದು ಐಮೀರಿಯಾ ಟೆನೆಲ್ಲಾ ಎಂಬ ಪ್ರಭೇದದ ಕೆಲಸ. ಎಲ್ಲ ಪ್ರಭೇದಗಳೂ ರಕ್ತ ಬರಿಸುವುದಿಲ್ಲ. ಕೆಲವು ಬರಿಯ ನೀರುಭೇದಿ ಉಂಟುಮಾಡಿ ಮರಿಯನ್ನು ಸೊರಗಿಸುತ್ತವೆ. ಆದ್ದರಿಂದ ಅನುಮಾನವಿದ್ದಾಗ ತಾಜಾ ಹಿಕ್ಕೆಯನ್ನು ಶುಭ್ರವಾದ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿಸುವುದು ಉತ್ತಮ. ವೈರಸ್‌ನಿಂದ ಬರುವ ಕೊಕ್ಕರೆ ರೋಗವೂ (ರಾಣಿಖೇತ್) ಭೇದಿಯೊಡನೆ ಬರಬಹುದು, ಅದಕ್ಕೆ ಈ ಯಾವ ಔಷಧಿಯೂ ನಾಟುವುದಿಲ್ಲ.

ಆಂಪ್ರೋಲಿಯಂ ಶೇ. 20ರ ಪುಡಿಯಾದರೆ, ರೋಗ ತೀವ್ರವಾಗಿರುವಾಗ 10 ಲೀಟರ್ ನೀರಿಗೆ 12 ಗ್ರಾಂನಂತೆ ಐದು ದಿನ, ಬಳಿಕ 10 ಲೀಟರಿಗೆ 3 ಗ್ರಾಂನಂತೆ ಒಂದೆರಡು ವಾರ ಕೊಡುವ ಕ್ರಮವಿದೆ. ಟೋಲ್ಟ್ರಾಜುರಿಲ್ ಶೇ. 2.5ರ ದ್ರಾವಣವಾದರೆ ಲೀಟರಿಗೆ 1 ಮಿಲಿ, ಸತತ ಎರಡು ದಿನ. ಅಂಗಡಿಯಲ್ಲಿ ಸಿಗುವ ಪೊಟ್ಟಣದ ಪ್ರಮಾಣ ಬೇರೆ ಇರಬಹುದಾದ್ದರಿಂದ ಚೀಟಿಯನ್ನು ಓದಿ, ವೈದ್ಯರನ್ನು ಕೇಳಿಯೇ ಬೆರೆಸಬೇಕು. ಕಾಯಿಲೆ ಬಿದ್ದ ಮರಿ ಮೇವು ಬಿಟ್ಟರೂ ನೀರು ಕುಡಿಯುತ್ತಿರುತ್ತದೆ, ಆದ್ದರಿಂದಲೇ ಔಷಧಿಯನ್ನು ನೀರಿನಲ್ಲಿ ಕೊಡುವುದು. ನಮ್ಮ ಕಡೆ ಚಿಕಿತ್ಸೆ ವಿಫಲವಾಗಲು ನಾನು ಕಂಡಿರುವ ದೊಡ್ಡ ಕಾರಣವೂ ಇಲ್ಲಿಯೇ ಇದೆ: ಅಂಗಳದಲ್ಲಿ ಅಡ್ಡಾಡುವ ಮರಿಗಳು ಸೂರಿನ ನೀರನ್ನೂ ಗುಂಡಿಯ ನೀರನ್ನೂ ಕುಡಿದು ತೃಪ್ತವಾಗಿ, ಔಷಧಿ ಬೆರೆಸಿದ ನೀರಿನ ಹತ್ತಿರವೂ ಸುಳಿಯುವುದಿಲ್ಲ. ಚಿಕಿತ್ಸೆ ಮುಗಿಯುವವರೆಗೆ ಅವುಗಳನ್ನು ಕಡ್ಡಾಯವಾಗಿ ಒಳಗೆ ಕೂಡಿ, ಬೇರೆ ನೀರು ಸಿಗದಂತೆ ಮಾಡಿ, ಪ್ರತಿದಿನ ಹೊಸದಾಗಿ ಬೆರೆಸಿದ ನೀರನ್ನೇ ಇಡಬೇಕು.

ಗುಂಪಿನಲ್ಲಿ ಒಂದು ಮರಿ ರಕ್ತ ಹಾಕಿದರೂ ಎಲ್ಲಕ್ಕೂ ಔಷಧಿ ಕೊಡಬೇಕು. ಸೋಂಕು ತಗುಲಿದ ನಾಲ್ಕೈದು ದಿನಗಳ ಮೇಲೆ ರಕ್ತ ಕಾಣುವುದರಿಂದ, ಚುರುಕಾಗಿ ಓಡಾಡುವ ಮರಿಯ ಕರುಳಿನಲ್ಲೂ ಆ ವೇಳೆಗೆ ಪರಾವಲಂಬಿ ಸೇರಿರುತ್ತದೆ. ಇದೇ ಕಾರಣಕ್ಕೆ ಔಷಧಿ ಆರಂಭಿಸಿದ ಮೊದಲ ಒಂದೆರಡು ದಿನ ಕೆಲವು ಮರಿಗಳು ಸತ್ತೇ ತೀರುತ್ತವೆ. ಕರುಳು ಆಗಲೇ ಹರಿದಿರುತ್ತದೆ. ಅದನ್ನು ಕಂಡು ಎದೆಗುಂದಿ ಔಷಧಿ ಬದಲಾಯಿಸಬಾರದು. ಪರಾವಲಂಬಿಗೆ ಬೇಕಾದ ಬಿ1 ಜೀವಸತ್ವ ಸಿಗದಂತೆ ಮಾಡುವುದೇ ಆಂಪ್ರೋಲಿಯಂನ ಕೆಲಸವಾದ್ದರಿಂದ, ಅದೇ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ಟಾನಿಕ್ ಕೊಟ್ಟರೆ ಔಷಧಿಯ ಬಲ ಕುಗ್ಗುತ್ತದೆ. ಟಾನಿಕ್ ಕೊಡುವುದಿದ್ದರೆ ಚಿಕಿತ್ಸೆ ಮುಗಿದ ಮೇಲೆ ಕೊಡಬಹುದು. ಅರಿಶಿನ, ಬೆಳ್ಳುಳ್ಳಿಗಳನ್ನು ಮೇವಿಗೆ ಬೆರೆಸುವವರನ್ನು ನಾನು ತಡೆಯುವುದಿಲ್ಲ, ಆದರೆ ರಕ್ತ ಕಂಡ ದಿನ ಅವುಗಳನ್ನೇ ನಂಬಿ ಕೂರುವುದು ಮರಿಗಳಿಗೆ ಮಾಡುವ ಅನ್ಯಾಯ. ಟೋಲ್ಟ್ರಾಜುರಿಲ್ ಮತ್ತು ಸಲ್ಫಾ ಔಷಧಿಗಳನ್ನು ಮೊಟ್ಟೆಯಿಡುವ ಹೇಂಟೆಗೆ ಕೊಡಬಾರದು.

ಇನ್ನು ನೆಲದ ವಿಷಯ. ಫಿನಾಯಿಲ್ ಹಾಗೂ ಬ್ಲೀಚಿಂಗ್ ಪುಡಿಯಿಂದ ಊಸಿಸ್ಟ್ ಸಾಯುವುದಿಲ್ಲ. ಒಣಗಿದರೆ, ಕುದಿಯುವ ನೀರು ಇಲ್ಲವೇ ಬೆಂಕಿಯ ಶಾಖ ತಗುಲಿದರೆ ಸಾಯುತ್ತದೆ. ಹಾಗಾಗಿ ಗೂಡನ್ನು ತೊಳೆದು ಒದ್ದೆ ಮಾಡುವುದಕ್ಕಿಂತ ಒಣಗಿಸುವುದೇ ಮುಖ್ಯ. ಭತ್ತದ ಹೊಟ್ಟನ್ನು ಮೇ ತಿಂಗಳಲ್ಲೇ ಬಿಸಿಲಿಗೆ ಹರಡಿ ಒಣಗಿಸಿ, ಚೀಲ ಕಟ್ಟಿ ಅಟ್ಟದ ಮೇಲಿಟ್ಟರೆ ಜುಲೈಯಲ್ಲಿ ಕೈಗೆ ಸಿಗುತ್ತದೆ. ಹಾಸಿದ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ ಕೈ ಬಿಚ್ಚಿದಾಗ ಅದು ಉದುರಬೇಕು. ಉಂಡೆಯಾಗಿಯೇ ನಿಂತರೆ ಆ ಜಾಗದ ಹೊಟ್ಟನ್ನು ಅಂದೇ ತೆಗೆದು ಹೊಸದು ಹಾಕಬೇಕು. ಹೆಚ್ಚು ಒದ್ದೆಯಾಗುವುದು ನೀರಿನ ಪಾತ್ರೆಯ ಸುತ್ತ. ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಬರುವಂತೆ ಇಟ್ಟಿಗೆಯ ಮೇಲೋ ತಂತಿಬಲೆಯ ಚೌಕಟ್ಟಿನ ಮೇಲೋ ಇಟ್ಟರೆ ಚೆಲ್ಲುವುದೂ ಕಡಿಮೆ, ಅದರೊಳಗೆ ಹಿಕ್ಕೆ ಬೀಳುವುದೂ ಕಡಿಮೆ. ಇರಚಲು ತಡೆಯಲು ಕಟ್ಟಿದ ಟಾರ್ಪಾಲು ಗೋಡೆಯ ಮೇಲ್ಭಾಗದಲ್ಲಿ ಒಂದು ಗೇಣಾದರೂ ತೆರೆದಿರಬೇಕು, ಇಲ್ಲದಿದ್ದರೆ ಹಿಕ್ಕೆಯ ಆವಿಯೇ ಒಳಗೆ ನಿಂತು ಹೊಟ್ಟನ್ನು ನೆನೆಸುತ್ತದೆ. ದೊಡ್ಡ ಕೋಳಿಗಳು ಕಾಯಿಲೆ ತೋರಿಸದೆಯೇ ಊಸಿಸ್ಟ್ ಹಾಕುತ್ತಿರುವುದರಿಂದ, ಬೆಳಿಗ್ಗೆ ಮೊದಲು ಮರಿಗಳ ಕೆಲಸ ಮುಗಿಸಿ ಆಮೇಲೆ ದೊಡ್ಡವುಗಳ ಗೂಡಿಗೆ ಹೋಗುವುದು ಕ್ಷೇಮ.

ಊಸಿಸ್ಟ್ ಒಂದೂ ಇಲ್ಲದ ಅಂಗಳ ಕೋಳಿ ಸಾಕುವ ಯಾವ ಮನೆಯಲ್ಲೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಒಣ ನೆಲದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೋಂಕು ತಗುಲಿದ ಮರಿಗೆ ತಾನಾಗಿಯೇ ರೋಗನಿರೋಧಕ ಶಕ್ತಿ ಬರುತ್ತದೆ. ಬೇಸಿಗೆಯಲ್ಲಿ ತಾಯಿಯ ಹಿಂದೆ ಮೇಯುವ ನಾಟಿ ಮರಿಗಳು ಯಾವ ಔಷಧಿಯೂ ಇಲ್ಲದೆ ಬೆಳೆಯುವುದು ಹೀಗೆ. ಆದ್ದರಿಂದ ಸಾಧ್ಯವಿದ್ದವರು ಮಾರ್ಚ್ ಕೊನೆಯೊಳಗೆ ಹೇಂಟೆಯನ್ನು ಕಾವಿಗೆ ಕೂರಿಸಿದರೆ, 21 ದಿನಕ್ಕೆ ಹೊರಬಂದ ಮರಿಗಳು ಮಳೆಗೆ ಮುಂಚೆ ಆರು ವಾರ ದಾಟಿರುತ್ತವೆ. ತಪ್ಪಿದರೆ ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿಯುವವರೆಗೆ ಕಾಯಬಹುದು. ಮಳೆಗಾಲದಲ್ಲೇ ಗಿರಿರಾಜದಂಥ ತಳಿಯ ಹೂಮರಿಗಳನ್ನು ತರುವ ಅನಿವಾರ್ಯತೆ ಇರುವವರು ಕಾಕ್ಸಿಡಿಯೋಸಿಸ್ ತಡೆಯುವ ಔಷಧಿ ಬೆರೆತ ಸ್ಟಾರ್ಟರ್ ಮೇವನ್ನು, ಅಂದರೆ ಎಳೆಯ ಮರಿಗಳ ಮೇವನ್ನು, ಕೇಳಿ ತರಬೇಕು. ಆ ಚೀಲದ ಮೇಲೆ ಮೊನೆನ್ಸಿನ್ ಅಥವಾ ಸ್ಯಾಲಿನೋಮೈಸಿನ್ ಎಂದು ಬರೆದಿದ್ದರೆ ಮನೆಯ ನಾಯಿಗೆ ಮೇವು ಸಿಗದಂತೆ ಎತ್ತಿಡಬೇಕು, ಏಕೆಂದರೆ ಅದು ನಾಯಿಗೆ ವಿಷ.