ಹಾಸನದ ಎಕ್ಸ್ ಬ್ಯಾಂಡ್ ರಾಡಾರ್: ಭರಣಿ ಮಳೆವರೆಗಿನ ಕೆಲಸ

ಟ್ರೈಲರ್ ಮೇಲಿನ ನಮ್ಮ ಮಳೆ ರಾಡಾರ್ (ಎಕ್ಸ್ ಬ್ಯಾಂಡ್, ಅಂದರೆ ಸುಮಾರು 3 ಸೆಂಮೀ ತರಂಗದ್ದು) ಈಗ ಹಾಸನದ ಹೊರಗೆ, ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತಿದೆ. ಜಾಕ್‌ಗಳ ಕೆಳಗೆ ದಪ್ಪ ಹಲಗೆ ಹಾಕಿದ್ದೇವೆ. ಜೋರು ಮಳೆಗೆ ಮಣ್ಣು ಕುಸಿದು ಟ್ರೈಲರ್ ಅರ್ಧ ಡಿಗ್ರಿ ವಾಲಿದರೂ 60 ಕಿಮೀ ಆಚೆ ಕಿರಣ 500 ಮೀಟರ್ ಏರುಪೇರಾಗುತ್ತದೆ. ಹಾಗಾಗಿ ಪ್ರತಿ ಮಳೆ ನಿಂತ ಮೇಲೆ ಲೆವೆಲ್ ನೋಡಲೇಬೇಕು.

ವಾಯವ್ಯಕ್ಕೆ ಸುಮಾರು 60 ಕಿಮೀ ದೂರದಲ್ಲಿ ಮುಳ್ಳಯ್ಯನಗಿರಿ, 1930 ಮೀಟರ್. ನಮ್ಮದು 1 ಡಿಗ್ರಿ ಅಗಲದ ಕಿರಣ, ಅಡ್ಡಮಟ್ಟದಿಂದ 0.5 ಡಿಗ್ರಿ ಮೇಲಕ್ಕೆ ಬಿಟ್ಟರೆ ಬಹುಪಾಲು ಬೆಟ್ಟಕ್ಕೇ ಬಡಿಯುತ್ತದೆ. 1.5 ಡಿಗ್ರಿಗೆ ಏರಿಸಿದರೆ ಕಿರಣದ ಕೆಳ ಅಂಚೂ 2.2 ಕಿಮೀ ಎತ್ತರದಲ್ಲಿ ದಾಟುತ್ತದೆ. ಆ ದಿಕ್ಕಿಗೆ ಅದನ್ನೇ ಅತಿ ಕೆಳಗಿನ ಸ್ಕ್ಯಾನ್ ಮಾಡಿಕೊಂಡೆವು. ಸೆಕೆಂಡಿಗೆ 18 ಡಿಗ್ರಿ ವೇಗದಲ್ಲಿ 12 ಸುತ್ತಿಗೆ 4 ನಿಮಿಷ ಬೇಕು. ಐದನೇ ನಿಮಿಷ ಅತಿ ಬಲವಾದ ಮೋಡವನ್ನು ಕೆಳಗಿಂದ ಮೇಲಕ್ಕೆ ಸೀಳಿ ನೋಡುವ ಸ್ಕ್ಯಾನ್‌ಗೆ ಮೀಸಲು.

ಅತಿ ಹೆಚ್ಚು ತಲೆ ತಿನ್ನುವುದು ಮಳೆಯೇ ಹಾಕುವ ನೆರಳು. ಬೇಲೂರಿನ ಮೇಲೆ ಗುಡುಗುಮಳೆ ಇದ್ದಾಗ ಅದರ ಹಿಂದಿನ ಚಿಕ್ಕಮಗಳೂರು ಕಡೆ ಪರದೆ ಖಾಲಿ ಕಾಣುತ್ತದೆ, ಅದನ್ನು ನಂಬಬೇಡಿ. 3 ಸೆಂಮೀ ತರಂಗ ಗಂಟೆಗೆ 50 ಮಿಮೀ ಮಳೆಯಲ್ಲಿ, ಹೋಗಿಬರುವುದು ಸೇರಿ, ಕಿಲೋಮೀಟರಿಗೆ ಸುಮಾರು 2 ಡೆಸಿಬೆಲ್ ಬಲ ಕಳೆದುಕೊಳ್ಳುತ್ತದೆ. ಅಂಥ ಮಳೆ 10 ಕಿಮೀ ಹರಡಿದ್ದರೆ ಹಿಂದಿನ ಮಳೆಯ 45 ಡಿಬಿಜೆಡ್ (ಮಳೆಯಿಂದ ಮರಳುವ ಪ್ರತಿಧ್ವನಿಯ ಬಲದ ಅಳತೆ) 25 ಆಗಿ ತೋರುತ್ತದೆ. ಅಂದರೆ ಗಂಟೆಗೆ 24 ಮಿಮೀ ಸುರಿಯುತ್ತಿದ್ದರೂ ಲೆಕ್ಕಕ್ಕೆ ಬರುವುದು 1.3 ಮಿಮೀ! ಈ ನಷ್ಟವನ್ನು, ರಾಡಾರ್ ಕಳಿಸುವ ಅಡ್ಡ ಮತ್ತು ಲಂಬ ಅಲೆಗಳ ನಡುವಿನ ಫೇಸ್ ವ್ಯತ್ಯಾಸಕ್ಕೆ (ಮಳೆಯಲ್ಲಿ ಒಂದು ಅಲೆ ಇನ್ನೊಂದಕ್ಕಿಂತ ಹಿಂದೆ ಬೀಳುವುದಕ್ಕೆ) ಡಿಗ್ರಿಗೆ 0.28 ಡೆಸಿಬೆಲ್‌ನಂತೆ ಕೂಡಿಸಿ ತಿದ್ದುತ್ತಿದ್ದೇವೆ. ಆಲಿಕಲ್ಲು ಬೆರೆತರೆ ಈ ಲೆಕ್ಕ ಕೆಡುತ್ತದೆ. ಸಿಗ್ನಲ್ ಪೂರ್ತಿ ಸತ್ತ ಕಡೆ ತಿದ್ದಲು ಏನೂ ಉಳಿದಿರುವುದಿಲ್ಲ, ಅಲ್ಲಿ ‘ಮಾಹಿತಿ ಇಲ್ಲ’ ಎಂದೇ ಗುರುತು ಹಾಕುತ್ತೇವೆ. ರೇಡೋಮ್ (ಆಂಟೆನಾ ಮುಚ್ಚುವ ಗುಮ್ಮಟ) ಮೇಲೆ ನೀರು ಹರಿಯುತ್ತಿದ್ದರೆ ಎಲ್ಲ ದಿಕ್ಕೂ ಮಂಕಾಗುತ್ತದೆ. ಆ ಹೊತ್ತಿನ ಸ್ಕ್ಯಾನ್‌ಗಳನ್ನು ಬೇರೆ ಇಡುತ್ತಿದ್ದೇವೆ.

ಆಲಿಕಲ್ಲಿಗೆ ನೆಲದ ಸಾಕ್ಷಿ ಬೇಕೇ ಬೇಕು. 30 ಸೆಂಮೀ ಚೌಕದ ಥರ್ಮೋಕೋಲ್‌ಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಚೌಕಟ್ಟಿಗೆ ಬಿಗಿದು ಕಾಫಿ ಒಣಗಿಸುವ ಕಣಗಳ ಅಂಚಿನಲ್ಲಿ ಇಟ್ಟಿದ್ದೇವೆ. ಹಾಳೆಯ ಮೇಲೆ ಉತ್ತರ ದಿಕ್ಕಿನ ಬಾಣ ಬರೆದಿರಬೇಕು. ಗಾಳಿಗೆ ಓರೆಯಾಗಿ ಬಿದ್ದ ಕಲ್ಲಿನ ಗುಳಿ ಉದ್ದವಾಗಿರುತ್ತದೆ, ಅದರಿಂದ ಗಾಳಿಯ ದಿಕ್ಕೂ ಸಿಗುತ್ತದೆ. ಮಳೆಮಾಪಕದ ಬಾಯಿಗೆ ಸಿಲ್ವರ್ ಓಕ್ ಎಲೆ ಕಟ್ಟಿಕೊಳ್ಳುವುದು ಮಾಮೂಲಿ, ವಾರಕ್ಕೊಮ್ಮೆ ತೆಗೆಯಬೇಕು.

ಈಗ ತೋಟದವರ ಇಂಚು–ಸೆಂಟ್ ಮಳೆ ದಾಖಲೆಗಳನ್ನು ಮಿಲಿಮೀಟರಿಗೆ ಇಳಿಸುತ್ತಿದ್ದೇವೆ, 1 ಸೆಂಟ್‌ಗೆ (ಇಂಚಿನ ನೂರನೇ ಒಂದು ಭಾಗ) 0.254 ಮಿಮೀ. ರಾಡಾರ್‌ಗೆ ಮಳೆಯ ನೆರಳು ಬಿದ್ದ ಕಡೆಯ ತೋಟಗಳ ಲೆಕ್ಕವೇ ಮೊದಲು.